ನೂರು ಯೋಜನದ ನಡಿಗೆ

ಔರಾದ, ಭಾಲ್ಕಿಗಳ ಹೊಲಗಳಲ್ಲಿ ದುಡಿದು ಹಣ್ಣಾದ ಹಿರಿಯರು ಮಕ್ಕಳ ನೌಕರಿಯ ನಿಮಿತ್ತ ಬೀದರ ಪಟ್ಟಣಕ್ಕೆ ಬಂದು ನೆಲಸುವುದುಂಟು. ಬಂದೊಡನೆ ಮಗ ಹೇಳುವ ಮಾತು: "ಸಾಕಪ್ಪಾ ದುಡಿದದ್ದು, ಇನ್ನ ಕುಂತು ಉಣ್ರಿ." ಪ್ರೀತಿಯ ಮಾತೇ ಸರಿ. ಆದರೆ ಅದರೊಳಗೆ ಅಡಗಿರುವ ಅಪಾಯವನ್ನು ನಮ್ಮ ಪ್ರಾಚೀನ ವೈದ್ಯರು ಅರಿತಿದ್ದರು. ಇಂದಿನ ವಿಜ್ಞಾನ ಅದನ್ನು ಲೆಕ್ಕವಿಟ್ಟು ತೋರಿಸಿದೆ.

ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನವು ಪ್ರಮೇಹವನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ. ಒಂದು ಹುಟ್ಟಿನಿಂದ ಬಂದದ್ದು, ಇನ್ನೊಂದು ಅಪಥ್ಯದಿಂದ ಬಂದದ್ದು. ಮೊದಲನೆಯವನು ಕೃಶ, ಎರಡನೆಯವನು ಸ್ಥೂಲದೇಹಿ, ಬಹಳ ಉಣ್ಣುವವನು, ಹಾಸಿಗೆ ಆಸನಗಳನ್ನು ಬಿಡಲೊಲ್ಲದವನು. ಇಂಥವನಿಗೆ ಹೇಳಿದ ಉಪಾಯಗಳೋ ಕಠಿನವಾದವು: ಕೊಡೆ ಕೆರಗಳಿಲ್ಲದೆ, ಊರಿಗೊಂದು ರಾತ್ರಿ ತಂಗುತ್ತ ನೂರು ಯೋಜನ ನಡೆಯಬೇಕು, ಇಲ್ಲವೆ ಹೊಲ ಉಳಬೇಕು, ಬಾವಿ ತೋಡಬೇಕು. ಕೃಶನನ್ನು ಮಾತ್ರ ಸದಾ ಕಾಪಾಡಬೇಕೆಂಬ ಎಚ್ಚರವೂ ಅಲ್ಲಿಯೇ ಇದೆ.

ಬಾವಿ ತೋಡುವುದು ಬೀದರಿಗೆ ಹೊಸದಲ್ಲ. ಬಹಮನಿ ಅರಸರ ಕಾಲದಲ್ಲಿ ಕೆಂಪು ಕಲ್ಲನ್ನು ಕೊರೆದು ಮಾಡಿದ ನೌಬಾದಿನ ಕರೇಜು, ಎಂದರೆ ನೆಲದಡಿಯ ನೀರಿನ ಸುರಂಗ, ಇಂದಿಗೂ ಆ ದುಡಿಮೆಗೆ ಸಾಕ್ಷಿಯಾಗಿದೆ. ನೀರು ಸೇದುವುದು, ಬೀಸುವುದು, ಸಂತೆಗೆ ನಡೆಯುವುದು ಅಂದು ಬಾಳಿನ ಭಾಗವೇ ಆಗಿತ್ತು. ಯಾರೂ ಅದನ್ನು ವ್ಯಾಯಾಮವೆನ್ನಲಿಲ್ಲ. ನಲ್ಲಿ, ಗಿರಣಿ, ಮೋಟಾರುಗಳು ಬಂದು ಕಷ್ಟ ತಗ್ಗಿತು. ಅದರೊಡನೆ ಮೈಗಿದ್ದ ಕೆಲಸವೂ ತಪ್ಪಿತು.

ಪಶ್ಚಿಮದಲ್ಲಿ 1776ರಲ್ಲಿ ಮ್ಯಾಥ್ಯೂ ಡಾಬ್ಸನ್ ಎಂಬ ಆಂಗ್ಲ ವೈದ್ಯನು ರೋಗಿಯ ಮೂತ್ರದ ಸಿಹಿ ಸಕ್ಕರೆಯೇ ಎಂದು ತೋರಿಸಿದನು. 1922ರಲ್ಲಿ ಇನ್ಸುಲಿನ್ ಚಿಕಿತ್ಸೆ ಮೊದಲಾಗಿ ಅಸಂಖ್ಯ ಜೀವಗಳು ಉಳಿದವು. ಆದರೆ ರೋಗ ಹೊಸ್ತಿಲಲ್ಲಿರುವಾಗಲೇ ಅದನ್ನು ತಡೆಯಬಹುದೆ? ಈ ಪ್ರಶ್ನೆಗೆ ಉತ್ತರ ಬಂದುದು ತೀರ ಈಚೆಗೆ.

ಚೀನದ ಡಾಚಿಂಗ್ ನಗರದಲ್ಲಿ 1986ರಿಂದ ಇಂಥ 577 ಮಂದಿಯನ್ನು ಆರು ವರ್ಷ ಗಮನಿಸಲಾಯಿತು. ವಿಶೇಷ ಕ್ರಮವಿಲ್ಲದವರಲ್ಲಿ ನೂರಕ್ಕೆ 68 ಜನರಿಗೆ ಮಧುಮೇಹ ಬಂದರೆ, ವ್ಯಾಯಾಮ ಮಾಡಿದವರಲ್ಲಿ 41 ಜನರಿಗೆ ಬಂದಿತು. ಅಮೆರಿಕದಲ್ಲಿ 3,234 ಜನರ ಮೇಲೆ ನಡೆದ ಪ್ರಯೋಗದ ಫಲ 2002ರಲ್ಲಿ ಪ್ರಕಟವಾಯಿತು: ವಾರಕ್ಕೆ 150 ನಿಮಿಷ ನಡೆದು, ಮಿತವಾಗಿ ಉಂಡು, ತೂಕ ಇಳಿಸಲು ಯತ್ನಿಸಿದವರಲ್ಲಿ ರೋಗ ನೂರಕ್ಕೆ 58ರಷ್ಟು ತಗ್ಗಿತು, ಮೆಟ್‌ಫಾರ್ಮಿನ್ ಮಾತ್ರೆಯಿಂದ ತಗ್ಗಿದ್ದು 31. ಅರುವತ್ತು ದಾಟಿದವರಲ್ಲಂತೂ ನಡಿಗೆ ಪಥ್ಯಗಳ ಫಲ ನೂರಕ್ಕೆ 71! ಚೆನ್ನೈಯಲ್ಲಿ 531 ಜನರ ಮೇಲೆ ನಡೆದ, 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಳಿತ 28.5. ನಮ್ಮವರಲ್ಲಿ ಫಲ ಕಡಿಮೆಯೆನಿಸಿದರೂ ದಿಕ್ಕು ಒಂದೇ.

ಇಲ್ಲೊಂದು ಸ್ವಾರಸ್ಯವಿದೆ. ಯೋಜನದ ಅಳತೆ ಗ್ರಂಥಗಳಲ್ಲಿ ಒಂದೇ ತೆರನಾಗಿಲ್ಲ. ಎಂಟು ಮೈಲಿಯೆಂದು ಹಿಡಿದರೆ ನೂರು ಯೋಜನ ಸುಮಾರು 1,300 ಕಿಲೋಮೀಟರು. ವಾರಕ್ಕೆ 150 ನಿಮಿಷದ ನಡಿಗೆಯೆಂದರೆ ಸುಮಾರು 10 ಕಿಲೋಮೀಟರು. ಈ ಲೆಕ್ಕದಲ್ಲಿ ನೂರು ಯೋಜನ ತುಂಬಲು ಎರಡೂವರೆ ವರ್ಷ ಬೇಕು. ಅಮೆರಿಕದ ಪ್ರಯೋಗದ ಅವಧಿಯೂ ಸರಾಸರಿ ಮೂರು ವರ್ಷಕ್ಕೆ ಸಮೀಪ. ಸನ್ಯಾಸಿಯಾಗಿ ಊರೂರು ಅಲೆಯಬೇಕಿಲ್ಲ. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ಮನೆಯ ಸುತ್ತಿನಲ್ಲೇ ಆ ದಾರಿ ಸವೆಯುತ್ತದೆ.

ಇದರ ಗುಟ್ಟು ಸ್ನಾಯುವಿನಲ್ಲಿದೆ. ದುಡಿಯುವ ಸ್ನಾಯು ಇನ್ಸುಲಿನ್ನಿನ ಹಂಗು ಹೆಚ್ಚಿಲ್ಲದೆ ರಕ್ತದ ಸಕ್ಕರೆಯನ್ನು ಸೆಳೆದುಕೊಳ್ಳುತ್ತದೆ. ಆ ಗುಣ ಒಂದೆರಡು ದಿನ ಉಳಿದು ಮತ್ತೆ ಅಳಿಯುವುದರಿಂದ ಸತತ ಎರಡು ದಿನ ನಡಿಗೆ ತಪ್ಪಿಸಬಾರದು. ವಯಸ್ಸಿನೊಡನೆ ಸ್ನಾಯು ಕರಗುವುದರಿಂದ, ಕುರ್ಚಿಯಿಂದ ಎದ್ದು ಕೂಡುವಂಥ ಬಲವರ್ಧಕ ಅಭ್ಯಾಸವೂ ವಾರಕ್ಕೆರಡು ಬಾರಿ ಬೇಕು. ಬರಿಹೊಟ್ಟೆಯ ರಕ್ತದಲ್ಲಿ ಸಕ್ಕರೆ 100ರಿಂದ 125 ಮಿಲಿಗ್ರಾಂ ಇದ್ದರೆ ಅದು ಹೊಸ್ತಿಲ ಸೂಚನೆ. ಎದೆನೋವು, ತಲೆಸುತ್ತು ಇದ್ದವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಕೃಶರನ್ನು ಕುರಿತ ಸುಶ್ರುತನ ಮಾತನ್ನೂ ಮರೆಯಬಾರದು.

ಆದುದರಿಂದ, ಊಟವಾದ ಮೇಲೆ ಮಗನಾದವನು "ಕುಂತು ಉಣ್ರಿ" ಎಂಬುದರ ಜೊತೆಗೆ ಇನ್ನೊಂದು ಮಾತನ್ನೂ ಕೂಡಿಸಲಿ: "ಬರ್ರಿ ಅಪ್ಪಾ, ಒಂದಿಷ್ಟು ಅಡ್ಡಾಡಿ ಬರೋಣು."