ಬಾವಂಚಿಯ ಬೀಜವೂ ಬಿಸಿಲೂ

ಬಿಸಿಲಿನಿಂದ ಚರ್ಮವನ್ನು ಕಾಯುವ ಲೇಪಗಳ ಚರಿತ್ರೆ ಸಾಮಾನ್ಯವಾಗಿ ಯೂರೋಪಿನಲ್ಲಿಯೇ ಆರಂಭವಾಗಿ ಅಲ್ಲಿಯೇ ಮುಗಿದಂತೆ ಹೇಳಲ್ಪಡುತ್ತದೆ. ಆರಂಭದ ಮಾತು ನಿಜ. ಬಿಸಿಲಿಗೆ ಚರ್ಮ ಬೇಯುವುದು ನೇರಳಾತೀತ ಕಿರಣಗಳಿಂದ, ಬರಿಯ ಶಾಖದಿಂದಲ್ಲ ಎಂಬುದನ್ನು ಸ್ವೀಡನ್ನಿನ ವಿಡ್ಮಾರ್ಕ್ 1889ರಲ್ಲಿ ಸಿದ್ಧಪಡಿಸಿದರು. 1891ರಲ್ಲಿ ಜರ್ಮನಿಯ ಹ್ಯಾಮರ್ ಸಿಂಕೋನ ತೊಗಟೆಯ ಕ್ವಿನೈನನ್ನು ಲೇಪವಾಗಿ ಬಳಸಿದರು. 1911ರಲ್ಲಿ ಹ್ಯಾಂಬರ್ಗಿನ ವೈದ್ಯ ಉನ್ನಾ ಅವರು ಹಾರ್ಸ್ ಚೆಸ್ಟ್‌ನಟ್ ಎಂಬ ಮರದಿಂದ ದೊರೆಯುವ ಈಸ್ಕುಲಿನ್ನಿನ ಕಡೆಗೆ ತಿರುಗಿದರು. ಆ ಮರದ ತೊಗಟೆಯ ಚೂರನ್ನು ನೀರಿಗೆ ಹಾಕಿ ಬಿಸಿಲಿಗೆ ಹಿಡಿದರೆ ನೀರು ನೀಲಿಯಾಗಿ ಹೊಳೆಯುತ್ತದೆ. ಕಾಣದ ಕಿರಣವನ್ನು ಹೀರಿಕೊಂಡು ಕಾಣುವ ಬೆಳಕಾಗಿ ಬಿಟ್ಟುಕೊಡುವ ಆ ಗುಣವೇ ಚರ್ಮದ ಮೇಲೆ ಕಾವಲಾಯಿತು.

ಈಸ್ಕುಲಿನ್ ಕೌಮರಿನ್ ವಂಶದ್ದು. ಅದೇ ವಂಶದ, ಆದರೆ ತೀರ ವಿರುದ್ಧ ಸ್ವಭಾವದ ಮತ್ತೊಂದು ವಸ್ತುವನ್ನು ಲೋಕಕ್ಕೆ ತೋರಿಸಿದ ಗೌರವ ಕನ್ನಡನಾಡಿಗೆ ಸಲ್ಲಬೇಕು. ಗ್ರಂಧಿಗೆ ಅಂಗಡಿಗಳಲ್ಲಿ ಇಂದಿಗೂ ದೊರೆಯುವ ಬಾವಂಚಿಯ ಕರಿಯ ಬೀಜ, ಸಂಸ್ಕೃತದ ಬಾಕುಚಿ, ತೊನ್ನಿಗೆ ಮದ್ದೆಂದು ಬಹುಕಾಲದಿಂದ ಪ್ರಸಿದ್ಧ. ಮದ್ದು ಕೊಟ್ಟು ರೋಗಿಯನ್ನು ಬಿಸಿಲಿನಲ್ಲಿ ಕೂರಿಸುವುದು ವೈದ್ಯಪದ್ಧತಿ. ಬಿಸಿಲಿನ ಪಾತ್ರವೇನೆಂದು ವಿವರಿಸಲು ರಸಾಯನಶಾಸ್ತ್ರವೇ ಬರಬೇಕಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎಚ್. ಎಸ್. ಜೋಯಿಸ್, ಬಿ. ಎಲ್. ಮಂಜುನಾಥ್, ಎಸ್. ವೆಂಕಟರಾವ್ ಈ ಮೂವರು ಬೀಜವನ್ನು ಪರಿಶೋಧಿಸಿ, ಅದರಿಂದ ಬೇರ್ಪಡಿಸಿದ ಸೊರಾಲೆನ್ನಿನ ವಿಚಾರವನ್ನು 1933ರಲ್ಲಿ ಪ್ರಕಟಿಸಿದರು. 1936ರಲ್ಲಿ ವಿಯೆನ್ನಾದ ಸ್ಪೇತ್ ಮತ್ತು ಪೈಲರ್ ಅವರೊಡನೆ ಮಂಜುನಾಥ್ ಮತ್ತು ಜೋಯಿಸ್ ಅದರ ರಚನೆಯನ್ನು ನಿರ್ಧರಿಸಿದ ಪ್ರಬಂಧ ಹೊರಬಂದಿತು. ಸೊರಾಲೆನ್ನಿನ ಹೆಸರು ಇಂದು ಚರ್ಮವೈದ್ಯರೆಲ್ಲರ ಬಾಯಲ್ಲಿದೆ. ಆ ಪ್ರಯೋಗಶಾಲೆಯ ಹೆಸರನ್ನು ಬಲ್ಲವರು ಎಷ್ಟು ಮಂದಿ?

ಸೊರಾಲೆನ್ ಕಾವಲುಗಾರನಲ್ಲ. ಅದು ಜೀವಕೋಶದ ವಂಶತಂತುವಿನ ಎಳೆಗಳ ನಡುವೆ ನುಸುಳಿ, ನೇರಳಾತೀತ ಕಿರಣ ತಗುಲಿದೊಡನೆ ಅವುಗಳಿಗೆ ಬೆಸೆದುಕೊಳ್ಳುತ್ತದೆ. ಚರ್ಮ ಕೆಂಪಾಗುತ್ತದೆ, ಕಪ್ಪಾಗುತ್ತದೆ, ಪ್ರಮಾಣ ಮೀರಿದರೆ ಬೊಬ್ಬೆ ಏಳುತ್ತದೆ. ವೈದ್ಯರ ಅಂಕೆಯಲ್ಲಿ ಇದು ಉಪಕಾರಿ: 1940ರ ದಶಕದಲ್ಲಿ ಕೈರೋವಿನ ಎಲ್ ಮೋಫ್ತಿ ಇದೇ ಕುಲದ ವಸ್ತುವಿನಿಂದ ತೊನ್ನಿಗೆ ಚಿಕಿತ್ಸೆ ಮಾಡಿದರು; 1974ರಿಂದ ಸೋರಿಯಾಸಿಸ್ ರೋಗಕ್ಕೂ ಅದು ಬಳಕೆಗೆ ಬಂದಿತು. ಅಂಕೆ ತಪ್ಪಿದ್ದು ವ್ಯಾಪಾರದಲ್ಲಿ. ಬೇಗ ಕಪ್ಪಾದ ಚರ್ಮ ತನ್ನನ್ನು ತಾನೇ ಕಾಯ್ದುಕೊಳ್ಳುವುದೆಂಬ ತರ್ಕದಿಂದ, ಸೊರಾಲೆನ್ನಿನ ಸೋದರವಾದ ಬರ್ಗಾಪ್ಟೆನ್ ಇರುವ ಬರ್ಗಮಾಟ್ ಎಣ್ಣೆಯನ್ನು ಯೂರೋಪಿನಲ್ಲಿ ಬಿಸಿಲುಲೇಪಗಳಿಗೇ ಬೆರೆಸಿದರು. ಗಿಡದಿಂದ ಬಂದದ್ದೆಂಬ ಹೆಸರೇ ಅಭಯಪತ್ರವಾಯಿತು! ಈ ವಸ್ತುಗಳ ಮೇಲೆ ಕ್ಯಾನ್ಸರಿನ ಆರೋಪ ಬಂದಮೇಲೆ, 1995ರಲ್ಲಿ ಐರೋಪ್ಯ ಒಕ್ಕೂಟವು ಅಂತಹ ಲೇಪಗಳಲ್ಲಿ ಫ್ಯೂರೊಕೌಮರಿನ್ನುಗಳು ಕಿಲೋಗ್ರಾಮಿಗೆ 1 ಮಿಲಿಗ್ರಾಮಿಗಿಂತಲೂ ಕಡಿಮೆಯಿರಬೇಕೆಂದು ವಿಧಿಸಿತು.

ಬಾವಂಚಿಯ ಕಥೆ ಅಲ್ಲಿಗೇ ನಿಲ್ಲಲಿಲ್ಲ. 1966ರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮೆಹತಾ, ನಾಯಕ್ ಮತ್ತು ಸುಖ್ ದೇವ್ ಅದೇ ಬೀಜದ ಬಾಕುಚಿಯಾಲ್ ಎಂಬ ಇನ್ನೊಂದು ವಸ್ತುವನ್ನು ವರ್ಣಿಸಿದರು. ಇದು ಕೌಮರಿನ್ ವಂಶಕ್ಕೆ ಸೇರಿದುದಲ್ಲ. 2019ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 44 ಮಂದಿ 12 ವಾರ ಬಾಕುಚಿಯಾಲನ್ನೋ ರೆಟಿನಾಲನ್ನೋ ಮುಖಕ್ಕೆ ಹಚ್ಚಿಕೊಂಡರು. ಬಿಸಿಲಿನಿಂದ ಮೂಡಿದ ಸುಕ್ಕು, ಕಲೆಗಳು ಎರಡರಿಂದಲೂ ಸಮನಾಗಿ ಇಳಿದವು, ಉರಿ ಮತ್ತು ಸಿಪ್ಪೆಯೇಳುವುದು ರೆಟಿನಾಲ್ ಹಚ್ಚಿದವರಲ್ಲಿ ಹೆಚ್ಚು. ಪರೀಕ್ಷೆ ಚಿಕ್ಕದೆಂಬುದನ್ನು ಮರೆಯಲಾಗದು. ಆದರೂ ಬಿಸಿಲನ್ನು ಚರ್ಮದೊಳಕ್ಕೆ ಕರೆಯುವುದೂ ಬಿಸಿಲಿನ ಗಾಯವನ್ನು ಮಾಸಿಸುವುದೂ ಒಂದೇ ಬೀಜದಲ್ಲಿ ಕೂಡಿರುವುದು ಸೋಜಿಗವೇ ಸರಿ. ಆದ್ದರಿಂದ ಬಾವಂಚಿಯಿಂದ ಬಾಕುಚಿಯಾಲ್ ತೆಗೆಯುವವರು ಮೊದಲು ಅದರಿಂದ ಸೊರಾಲೆನ್ನನ್ನು ಹೊರಹಾಕಬೇಕಾಗುತ್ತದೆ. ಬೆಂಗಳೂರಿನ ಮೂವರು 1933ರಲ್ಲಿ ಬೇರ್ಪಡಿಸಿ ತೋರಿಸಿದ್ದು ಅದನ್ನೇ.