ಗಿರ್ಮಿಟ್: ಫಿಜಿ ದ್ವೀಪಕ್ಕೆ ಹೋದವರ ನೆನಪು

ವಕ್ಕಲೇರಿಯ ಹೆಸರು ಚರಿತ್ರೆಯಲ್ಲಿ ಉಳಿದಿರುವುದು ಒಂದು ತಾಮ್ರಶಾಸನದಿಂದ. ಬಾದಾಮಿ ಚಾಲುಕ್ಯರ ಇಮ್ಮಡಿ ಕೀರ್ತಿವರ್ಮನು ಕ್ರಿ.ಶ. 757ರಲ್ಲಿ ಬರೆಯಿಸಿದ ದಾನಪತ್ರವದು. ದಾನವಿತ್ತ ಅರಸನ ಹೆಸರು ಹನ್ನೆರಡು ಶತಮಾನ ಕಳೆದರೂ ಅಳಿದಿಲ್ಲ. ಆದರೆ ಹೊಟ್ಟೆಪಾಡಿಗಾಗಿ ಊರು ಬಿಟ್ಟ ಬಡವರ ಹೆಸರನ್ನು ತಾಮ್ರದ ಮೇಲೆ ಕೊರೆದವರಾರು?

ಪೆಸಿಫಿಕ್ ಸಾಗರದ ಫಿಜಿ ದ್ವೀಪಗಳು 1874ರಲ್ಲಿ ಬ್ರಿಟಿಷರ ವಸಾಹತಾದವು. ಅಲ್ಲಿನ ಕಬ್ಬಿನ ತೋಟಗಳಿಗೆ ಆಳುಗಳು ಬೇಕಾಗಿ, 1879ರಿಂದ 1916ರವರೆಗೆ ಭಾರತದಿಂದ ಅರವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಹಡಗಿನಲ್ಲಿ ಸಾಗಿಸಲಾಯಿತು. ಇವರಲ್ಲಿ ಸುಮಾರು ಕಾಲುಭಾಗ ಜನ 1903ರಿಂದೀಚೆಗೆ ಮದರಾಸು ಬಂದರಿನಿಂದ ಹೋದವರು. ನಂದಿಬೆಟ್ಟದ ಬಳಿ ಹುಟ್ಟಿ ನಮ್ಮ ಕೋಲಾರ ಸೀಮೆಯನ್ನು ಹಾದುಹೋಗುವ ಪಾಲಾರ್ ನದಿ ಹರಿಯುವ ನೆರೆಯ ಉತ್ತರ ಆರ್ಕಾಟ್ ಜಿಲ್ಲೆಯವರೂ ಅವರಲ್ಲಿ ಬಹಳವಾಗಿದ್ದರು.

ಅವರು ಹೆಬ್ಬೆಟ್ಟು ಒತ್ತಿದ ಐದು ವರ್ಷಗಳ 'ಅಗ್ರಿಮೆಂಟ್' ಅವರ ಬಾಯಲ್ಲಿ 'ಗಿರ್ಮಿಟ್' ಆಯಿತು. ಹಾಯಿಹಡಗಿನಲ್ಲಿ ಎರಡು ತಿಂಗಳಿಗೂ ಮೀರಿದ, ಹಬೆಹಡಗಿನಲ್ಲಿ ಸುಮಾರು ಒಂದು ತಿಂಗಳ ಪಯಣ. ಜಾತಿಭೇದ ಕಡಲಿನಲ್ಲಿಯೇ ಸಡಿಲಗೊಂಡು, ಒಂದೇ ಹಡಗಿನವರು 'ಜಹಾಜಿ ಭಾಯಿ'ಗಳಾದರು. ತೋಟದಲ್ಲಿ ಗಂಡಸಿಗೆ ದಿನಕ್ಕೆ ಒಂದು ಶಿಲಿಂಗ್, ಹೆಂಗಸಿಗೆ ಒಂಬತ್ತು ಪೆನ್ಸ್ ಕೂಲಿ. ಅದೂ ಒಪ್ಪಿಸಿದ ಕೆಲಸವನ್ನು ಮುಗಿಸಿದರೆ ಮಾತ್ರ. ಹತ್ತಡಿ ಉದ್ದ, ಏಳಡಿ ಅಗಲದ ಕೋಣೆಯಲ್ಲಿ ಮೂವರ ವಾಸ. ಸರ್ಕಾರಿ ಪಾಸಿನಲ್ಲಿ ಅವರ ಹೆಸರು, ತಂದೆಯ ಹೆಸರು, ಊರು, ಎತ್ತರ, ಮೈಮೇಲಿನ ಗುರುತುಗಳು ದಾಖಲಾದವು. ಕಣ್ಣೀರಿಗೆ ಮಾತ್ರ ಅಲ್ಲಿ ಸ್ಥಳವಿರಲಿಲ್ಲ.

ಈ ಅನ್ಯಾಯವನ್ನು ಕಂಡು ಮರುಗಿದವರಲ್ಲಿ ಗಾಂಧೀಜಿಯವರ ಗೆಳೆಯ ಸಿ.ಎಫ್. ಆಂಡ್ರೂಸ್ ಒಬ್ಬರು. 1915ರಲ್ಲಿ ಅವರು ಫಿಜಿಗೆ ಹೋಗಿ ಬರೆದ ವರದಿ ದೇಶದ ಮನಸ್ಸಾಕ್ಷಿಯನ್ನು ಕಲಕಿತು. 1920ರ ಜನವರಿ 1ರಂದು ಉಳಿದ ಕರಾರುಗಳೆಲ್ಲ ರದ್ದಾದವು. ಬಹುಪಾಲು ಜನ ಅಲ್ಲಿಯೇ ನೆಲೆನಿಂತು, ಕಬ್ಬು ಬೆಳೆದು, ಶಾಲೆಗಳನ್ನು ಕಟ್ಟಿದರು.

ಫಿಜಿ 1970ರಲ್ಲಿ ಸ್ವತಂತ್ರವಾಯಿತು. ಆದರೆ 1987ರ ಸೇನಾದಂಗೆಯ ನಂತರ ಭಾರತೀಯ ಮೂಲದ ಸಾವಿರಾರು ಜನ ಎರಡನೆಯ ಬಾರಿ ವಲಸೆ ಹೋಗಬೇಕಾಯಿತು. ಆ ದಂಗೆಯನ್ನು ನಡೆಸಿದ ಸಿತಿವೇನಿ ರಬುಕಾ ಅವರೇ, ಪ್ರಧಾನಿಯಾಗಿ, 2023ರ ಮೇ 14ರಂದು ಸುವಾ ನಗರದ ಪ್ರಾರ್ಥನಾಸಭೆಯಲ್ಲಿ ಬಹಿರಂಗವಾಗಿ ಕ್ಷಮೆ ಕೋರಿದರು. ಅಧಿಕಾರದಲ್ಲಿರುವಾಗಲೇ ತಲೆಬಾಗುವುದು ಸುಲಭದ ಮಾತಲ್ಲ.

ಪ್ರಿಯ ಓದುಗರೇ, ಇಂದು ನಮ್ಮ ಮಾಲೂರು, ನರಸಾಪುರಗಳ ಕಾರ್ಖಾನೆಗಳಿಗೆ ಬಿಹಾರ, ಒಡಿಶಾಗಳಿಂದ ಯುವಕರು ಬರುತ್ತಿದ್ದಾರೆ. ಅಂದು ನಮ್ಮ ನೆರೆಯವರು ದೂರದ ದ್ವೀಪದಲ್ಲಿ ಪರದೇಶಿಗಳಾದಂತೆ, ಇವರು ಇಂದು ನಮ್ಮ ಬಾಗಿಲಲ್ಲಿ ಪರದೇಶಿಗಳು. ಈಜಿಪ್ಟಿನ ದಾಸ್ಯವನ್ನು ಮರೆಯಬೇಡಿರೆಂದು ದೇವರು ಇಸ್ರಯೇಲರನ್ನು ಎಚ್ಚರಿಸಿದ್ದು ಪರದೇಶಿಯನ್ನು ಅವರು ಪ್ರೀತಿಸಲೆಂದೇ. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ದೇವಾಲಯದ ಹಿಂಬದಿಯಲ್ಲಿ ಒಂಟಿಯಾಗಿ ನಿಂತ ಹೊಸಬನ ಹೆಸರನ್ನಾದರೂ ನಾವು ಕೇಳಿ ತಿಳಿಯೋಣ.