ಪೀಜೋ ಹರಳು: ಅಳತೆಯ ಚರಿತ್ರೆಯ ಒಂದು ಅಧ್ಯಾಯ

ವಿಜ್ಞಾನದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಶೋಧನೆಯ ವರ್ಷಕ್ಕೇ ಪ್ರಾಧಾನ್ಯವನ್ನು ಕೊಡುತ್ತಾರೆ. ಆದರೆ ಶೋಧನೆಗೂ ಅದರ ಉಪಯೋಗಕ್ಕೂ ನಡುವೆ ಅಳತೆಯೆಂಬ ಘಟ್ಟವೊಂದಿದೆ. ಪೀಜೋ ವಿದ್ಯುತ್ತಿನ ಚರಿತ್ರೆಯಲ್ಲಿ ಈ ಘಟ್ಟವೇ ನಿರ್ಣಾಯಕವಾಯಿತೆಂದು ತೋರಿಸುವುದು ನಮ್ಮ ಉದ್ದೇಶ.

1880ರಲ್ಲಿ ಪ್ಯಾರಿಸ್ಸಿನ ಕ್ಯೂರಿ ಸಹೋದರರು, ಕ್ವಾರ್ಟ್ಸ್ ಮೊದಲಾದ ಹರಳುಗಳನ್ನು ಒತ್ತಿದಾಗ ಅವುಗಳ ಮೈಮೇಲೆ ವಿದ್ಯುದಂಶವು ತಲೆದೋರುವುದನ್ನು ಕಂಡರು. ಇದರ ವಿಲೋಮವೂ ನಿಜವಾಗಿರಬೇಕೆಂದು, ಎಂದರೆ ವಿದ್ಯುತ್ತಿನಿಂದ ಹರಳಿನ ಆಕಾರವು ವ್ಯತ್ಯಾಸಗೊಳ್ಳಬೇಕೆಂದು, 1881ರಲ್ಲಿ ಲಿಪ್‌ಮನ್ನನು ತರ್ಕಿಸಿದನು. ಅದೇ ವರ್ಷ ಕ್ಯೂರಿ ಸಹೋದರರು ಅದನ್ನು ಪ್ರಯೋಗದಿಂದ ಸ್ಥಿರಪಡಿಸಿದರು. ಆಮೇಲೆ ಮೂರು ದಶಕಗಳಿಗೂ ಮಿಕ್ಕಿ ಈ ವಿಷಯವು ಬಹುಮಟ್ಟಿಗೆ ಪ್ರಯೋಗಶಾಲೆಯ ಕೌತುಕವಾಗಿಯೇ ಉಳಿಯಿತು.

ಅದನ್ನು ಹೊರಗೆಳೆದುದು ಒಂದನೆಯ ಮಹಾಯುದ್ಧ. ನೀರಿನಡಿಯ ನೌಕೆಗಳನ್ನು ಶಬ್ದದಿಂದ ಪತ್ತೆಹಚ್ಚುವ ಕಾರ್ಯದಲ್ಲಿ ಫ್ರಾನ್ಸಿನ ಲಾಂಜೆವಿನ್ನನು ಕ್ವಾರ್ಟ್ಸನ್ನು ಬಳಸಿದನು. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದ ವಾಲ್ಟರ್ ಕೇಡಿಯೂ ಇದೇ ಕಾರ್ಯದಲ್ಲಿ ತೊಡಗಿ ರೊಶೆಲ್ ಲವಣದ ಹರಳುಗಳನ್ನು ಪರೀಕ್ಷಿಸುತ್ತಿದ್ದನು. ಹರಳಿನ ಸಹಜ ಕಂಪನದ ಆವೃತ್ತಿಯು ಸಮೀಪಿಸಿದಂತೆ, ಅದನ್ನು ಚಾಲಿಸುವ ವಿದ್ಯುನ್ಮಂಡಲದಲ್ಲಿಯೇ ವಿಚಿತ್ರವಾದ ಪ್ರತಿಕ್ರಿಯೆಯುಂಟಾಗುವುದನ್ನು ಅವನು ಗಮನಿಸಿದನು. ಉಪಕರಣದ ದೋಷವೆಂದು ಅದನ್ನು ತಳ್ಳಿಹಾಕಬಹುದಾಗಿತ್ತು. ಕೇಡಿ ಹಾಗೆ ಮಾಡಲಿಲ್ಲ. ಕ್ವಾರ್ಟ್ಸಿನಲ್ಲಿಯೂ ಅದನ್ನು ಬೆನ್ನಟ್ಟಿ 1922ರಲ್ಲಿ ತನ್ನ ಫಲಿತಗಳನ್ನು ಪ್ರಕಟಿಸಿದನು.

ಈ ಪ್ರತಿಕ್ರಿಯೆಯ ಅರ್ಥವೇನು? ಪರ್ಯಾಯ ವಿದ್ಯುತ್ಪ್ರವಾಹಕ್ಕೆ ಒಂದು ವಸ್ತುವು ಒಡ್ಡುವ ಒಟ್ಟು ತಡೆಗೆ ಇಂಪೀಡೆನ್ಸ್ ಎಂದು ಹೆಸರು. ಆವೃತ್ತಿಯನ್ನು ಮೆಲ್ಲನೆ ಏರಿಸುತ್ತ ಹೋದರೆ, ಅನುರಣನದ ಬಿಂದುವಿನಲ್ಲಿ ಹರಳಿನ ಇಂಪೀಡೆನ್ಸ್ ಥಟ್ಟನೆ ಕುಸಿಯುತ್ತದೆ. ಅದಕ್ಕಿಂತ ತುಸು ಮೇಲಿನ ಆವೃತ್ತಿಯಲ್ಲಿ ಶಿಖರಕ್ಕೇರುತ್ತದೆ. ಈ ಎರಡು ಬಿಂದುಗಳ ಅಂತರದಿಂದ, ಹರಳಿನಲ್ಲಿ ಯಾಂತ್ರಿಕ ಶಕ್ತಿಗೂ ವಿದ್ಯುಚ್ಛಕ್ತಿಗೂ ಇರುವ ಬೆಸುಗೆಯ ಬಲವನ್ನು ಲೆಕ್ಕಹಾಕಬಹುದು. ಇಂಥ ಕಂಪಕವನ್ನು ಸಮಾನ ವಿದ್ಯುನ್ಮಂಡಲವೊಂದರಿಂದ ನಿರೂಪಿಸಬಹುದೆಂದು 1914ರಲ್ಲಿಯೇ ಬಟರ್‌ವರ್ತನು ತೋರಿಸಿದ್ದನು. 1925ರಲ್ಲಿ ವ್ಯಾನ್ ಡೈಕನು ಪೀಜೋ ಹರಳಿಗೆ ಅಂಥ ಮಂಡಲವನ್ನು ರೂಪಿಸಿದನು. ಇಂದಿನ ವಿಶ್ಲೇಷಕ ಯಂತ್ರವು ಕ್ಷಣಮಾತ್ರದಲ್ಲಿ ಪೂರ್ಣ ರೇಖೆಯನ್ನೇ ಬರೆದುಕೊಡುತ್ತದೆಯಾದರೂ, ಅದರಲ್ಲಿ ನಾವು ಹುಡುಕುವುದು ಆ ಕುಸಿತವನ್ನೂ ಆ ಶಿಖರವನ್ನೂ.

1923ರಲ್ಲಿ ಕೇಡಿ ತನ್ನ ಕ್ವಾರ್ಟ್ಸ್ ಅನುರಣಕಗಳನ್ನು ಇಟಲಿ, ಫ್ರಾನ್ಸ್, ಇಂಗ್ಲೆಂಡುಗಳಿಗೆ ಒಯ್ದು ಅಲ್ಲಿನ ಆವೃತ್ತಿಮಾನಗಳನ್ನು ಹೋಲಿಸಿ ನೋಡಿದನು. ಅಳೆಯಲ್ಪಟ್ಟ ವಸ್ತುವೇ ಅಳತೆಗೋಲಾದುದು ಹೀಗೆ. 1927ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕ್ವಾರ್ಟ್ಸ್ ಗಡಿಯಾರವೂ ಸಿದ್ಧವಾಯಿತು.

ಇದರಿಂದ ಕ್ಯೂರಿ ಸಹೋದರರ ಕೀರ್ತಿಗೆ ಕುಂದೇನೂ ಇಲ್ಲ. ಆದರೆ 1880ನ್ನು ಸ್ಮರಿಸಿ 1922ನ್ನು ಮರೆಯುವ ಪಾಠವು ವಿದ್ಯಾರ್ಥಿಗೆ ಅರ್ಧ ಚರಿತ್ರೆಯನ್ನು ಮಾತ್ರ ಕಲಿಸುತ್ತದೆಂಬುದು ನಮ್ಮ ಅಭಿಪ್ರಾಯ.